ಹಂಡೆ ಕೊಟ್ಟು ಕೊಂಡ ನಗು

ನನ್ನ ಹಳೆಯ ಕಂಪ್ಯೂಟರಿಗೆ ಹೊಸ ಜೀವ ತುಂಬಲು ಬಿದ್ದ ಖರ್ಚು ಒಂದು ತಾಮ್ರದ ಹಂಡೆ. ಅದೂ ಎಂಥ ಹಂಡೆ ಅಂತೀರಿ, ಇಬ್ಬರು ಹಿಡಿದು ಎತ್ತಬೇಕಾದ, ಈಗ ಯಾರೂ ಬಡಿಯದ ದಪ್ಪ ತಗಡಿನದು. ಯಾಕೆ ಖರ್ಚಾಯಿತೆಂದರೆ, ನಾನು ಮುನ್ನೂರು ರೂಪಾಯಿ ಉಳಿಸಲು ಹೋದೆ. ಚೌಕಾಸಿ ನನಗೆ ಯಾರೂ ಕಲಿಸಿದ್ದಲ್ಲ. ಸೈಕಲ್ಲಿನ ಹಿಂದೆ ಸ್ಟೀಲ್ ಪಾತ್ರೆ ಹೇರಿಕೊಂಡು ಹಳಿಯಾಳದಿಂದ ಹಳ್ಳಿ ಹಳ್ಳಿ ತಿರುಗಿ, ಹಳೇ ತಾಮ್ರ, ಹಿತ್ತಾಳೆ ತೆಗೆದುಕೊಂಡು ಹೊಸ ಸ್ಟೀಲ್ ಕೊಡುತ್ತ, ಬಾಯಿ ಸವೆಸಿ ಸಂಪಾದಿಸಿದ ವಿದ್ಯೆ ಅದು. ಎದುರಿನವರು ಮೊದಲು ಹೇಳಿದ ಮಾತು ಎಂದೂ ಕೊನೆಯ ಮಾತಲ್ಲ ಎಂಬುದೇ ಅದರ ಮೂಲಮಂತ್ರ. ಈ ಮಂತ್ರದಿಂದ ಅಂಗಡಿ ಹಾಕಿದೆ, ನಾಲ್ಕು ಗಾಲಿಯ ಗಾಡಿ ಕೊಂಡೆ, ಹೆಂಡತಿಯನ್ನೂ ಕಂಡುಕೊಂಡೆ. ಕೆಟ್ಟದ್ದೂ ಇದರಿಂದಲೇ.

ಹೆಂಡತಿ ನೀಲವ್ವನ ತವರು ಚಿಗಳ್ಳಿ. ಮೊದಲ ಸಲ ಅವರ ಮನೆ ಬಾಗಿಲಿಗೆ ಸೈಕಲ್ ನಿಲ್ಲಿಸಿದಾಗ, ಅವಳ ಅವ್ವನ ಕೈಯಿಂದ ಈ ಹಂಡೆಯನ್ನು ನಾಲ್ಕು ಸ್ಟೀಲ್ ತಾಟು, ಒಂದು ಡಬ್ಬಿಗೆ ಹೊಡೆದುಕೊಂಡಿದ್ದೆ. ಬಾಗಿಲ ಸಂದಿಯಿಂದ ನೀಲವ್ವ ನೋಡುತ್ತಿದ್ದಳಂತೆ. ಮರುವರ್ಷ ನಮ್ಮ ಲಗ್ನವಾಯಿತು. ಹಂಡೆಯನ್ನು ಮಾತ್ರ ನಾನು ಮಾರಲೂ ಇಲ್ಲ, ಮರಳಿಸಲೂ ಇಲ್ಲ. ನನ್ನ ಮೊದಲ ದೊಡ್ಡ ಗೆಲುವೆಂದು ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡೆ. ಅವ್ವನಿಗೆ ಕೊಟ್ಟುಬಿಡಿ ಎಂದು ಅವಳು ಕೇಳಿದಾಗಲೆಲ್ಲ, ತಾಮ್ರದ ಧಾರಣಿ ಏರುತ್ತಿದೆ, ಇರಲಿ ಎನ್ನುತ್ತಿದ್ದೆ.

ಇನ್ನು ಕಂಪ್ಯೂಟರಿನ ವಿಷಯ. ಬಿಲ್ ಮಾಡಲೆಂದು ಯಾರೋ ಬಳಸಿ ಬಿಟ್ಟದ್ದನ್ನು ಹೇಳಿದ ಬೆಲೆಯ ಅರ್ಧಕ್ಕೆ ತಂದಿದ್ದೆ. ಅರ್ಧ ಬೆಲೆಗೆ ಅದು ಅರ್ಧ ಕೆಲಸವನ್ನೇ ಮಾಡುತ್ತಿತ್ತು. ಬೆಳಿಗ್ಗೆ ಗುಂಡಿ ಒತ್ತಿ, ಸ್ನಾನ, ಪೂಜೆ, ಅವಲಕ್ಕಿ ಎಲ್ಲ ಮುಗಿಸಿ ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ರೋಜಿಬಾಯಿಗೆ ತೋರಿಸಿದೆ. ಕಾಡಂಚಿನ ಸಿದ್ದಿ ಹಳ್ಳಿಯಿಂದ ಬಂದು, ನನ್ನ ಹಾಗೆಯೇ ತನ್ನ ಕಾಲ ಮೇಲೆ ತಾನು ನಿಂತ ಹೆಣ್ಣುಮಗಳು. ಮಷೀನು ಗಟ್ಟಿಯಿದೆ, ಒಳಗಿನ ಆಪರೇಟಿಂಗ್ ಸಿಸ್ಟಂ ಬದಲಿಸಬೇಕು, ಪುಕ್ಕಟೆ ಸಿಗುವಂಥದನ್ನೇ ಹಾಕುತ್ತೇನೆ, ನನ್ನ ಕೆಲಸಕ್ಕೆ ಮುನ್ನೂರು ಎಂದಳು. ನಾನು ಇನ್ನೂರು ಎಂದೆ. ಆಕೆ ನಕ್ಕು ಮುನ್ನೂರು ಎಂದಳು. ನಾನು ಎದ್ದು ಹೊರಟಂತೆ ಮಾಡಿದೆ. ಆಕೆ ಕರೆಯಲಿಲ್ಲ. ಇಷ್ಟು ದೂರ ಬಂದ ಮೇಲೆ ತಿರುಗಿ ಹೋದರೆ ಮರ್ಯಾದೆ ಉಳಿಯುವುದಿಲ್ಲವೆಂದು ಮನೆಗೇ ಬಂದೆ. ಸರಕು ಪುಕ್ಕಟೆ ಅಂದಮೇಲೆ ಕೂಲಿ ಯಾಕೆ ಕೊಡಬೇಕು?

ಅರ್ಧ ದಿನ ಕೂತು ಆ ಸಿಸ್ಟಮಿನ ಫೈಲನ್ನು ಇಳಿಸಿಕೊಂಡೆ. ಹೊಸ ಪೆನ್‌ಡ್ರೈವ್ ಕೊಳ್ಳುವ ಪೈಕಿ ನಾನಲ್ಲ. ಗಾಡಿಯ ಸ್ಪೀಕರಿಗೆ ಸಿಕ್ಕಿಸಿದ್ದನ್ನು ಕಿತ್ತು ತಂದು, ಹಾಡು ತುಂಬಿದ ಹಾಗೆ ಫೈಲನ್ನು ಕಾಪಿ ಮಾಡಿದೆ. ಸಿಕ್ಕಿಸಿ ಗುಂಡಿ ಒತ್ತಿದರೆ ಅದೇ ಹಳೇ ಚಕ್ರ. ಒಂದು ಸ್ಟೀಲ್ ತಂಬಿಗೆ ಹಿಡಿದುಕೊಂಡು, ಸುಮ್ಮನೆ ಮಾತಾಡಿಸಲು ಬಂದವನಂತೆ ರೋಜಿಬಾಯಿಯ ಅಂಗಡಿಗೆ ಹೋದೆ. ಆಕೆಗೆ ಎಲ್ಲ ತಿಳಿಯಿತು.

"ಬರೇ ಕಾಪಿ ಮಾಡಿದ್ರ ಮಷೀನ್ ಅದರಿಂದ ಏಳೂದಿಲ್ರಿ ಕಾಕಾ. ತಾಮ್ರದ ತಗಡ ಒಲಿ ಮ್ಯಾಲೆ ಇಟ್ರ ನೀರ ಕಾಯ್ತಾವೇನು? ಬಡದು ಹಂಡೆ ಮಾಡಬೇಕಲ್ಲ."

ಹಾಗೆ ಬಡಿಯಲಿಕ್ಕೊಂದು ಚಿಕ್ಕ ಪ್ರೋಗ್ರಾಂ ಇದೆ, ಅದು ಫೈಲನ್ನು ಪೆನ್‌ಡ್ರೈವಿನಲ್ಲಿ ಬೂಟ್ ಆಗುವಂತೆ, ಅಂದರೆ ಮಷೀನು ಅದರಿಂದಲೇ ಏಳುವಂತೆ, ಬರೆದುಕೊಡುತ್ತದೆ ಎಂದು ಹೆಸರನ್ನೂ ಚೀಟಿಯ ಮೇಲೆ ಬರೆದುಕೊಟ್ಟಳು. ಖಾಲಿ ಪೆನ್‌ಡ್ರೈವ್ ತಗೊಳ್ಳಿ ಎಂದು ಎರಡು ಸಲ ಹೇಳಿದಳು. ಒಂದು ತಂಬಿಗೆಗೆ ಇಷ್ಟು ವಿದ್ಯೆ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ನಾನು ಒಂದು ಸಲವೂ ಕೇಳಿಸಿಕೊಳ್ಳಲಿಲ್ಲ.

ಆ ಪ್ರೋಗ್ರಾಂ ನನ್ನನ್ನು ಎಚ್ಚರಿಸಲಿಲ್ಲವೆಂದು ಸುಳ್ಳು ಹೇಳಲಾರೆ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕೇಳಿತು. ನಾನು ಒಳಗೊಳಗೇ ನಕ್ಕೆ. ಎಲ್ಲ ಅಂದರೆ ಎಲ್ಲವೇ? ಮೊದಲು ಹೀಗೇ ಹೇಳುತ್ತಾರೆ, ಆಮೇಲೆ ಇಳಿಯುತ್ತಾರೆ. ಅಷ್ಟು ದೊಡ್ಡ ಪೆನ್‌ಡ್ರೈವಿನಲ್ಲಿ ಇದ್ದದ್ದು ಗಿರಾಕಿಗಳನ್ನು ಕರೆಯುವ ಒಂದೇ ಒಂದು ಸಣ್ಣ ಕೂಗು. ಗಾಡಿಯಲ್ಲಿ ಕೊಳಗ ಒಂದು ಮೂಲೆ, ಲೋಟ ಒಂದು ಮೂಲೆ ಕೂರುವಂತೆ ಕೂಗೂ ಸಿಸ್ಟಮೂ ಹೊಂದಿಕೊಂಡು ಕೂರುತ್ತವೆ ಎಂದು ಓಕೆ ಒತ್ತಿದೆ. ಅದರಿಂದ ಹೊಸ ಸಿಸ್ಟಂ ಹಾಕಿದೆ, ಸಂಜೆಯೊಳಗೆ ಕಂಪ್ಯೂಟರು ಕುದುರೆಯಾಯಿತು. ಅದರಲ್ಲಿದ್ದ ಬಿಲ್ಲುಗಳನ್ನು ಜಾಣತನದಿಂದ ಮೊದಲೇ ಫೋನಿಗೆ ತೆಗೆದಿಟ್ಟಿದ್ದೆ ಎಂಬುದನ್ನು ಇಲ್ಲಿ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮರುದಿನ ಕುಂಬಾರವಾಡದಲ್ಲಿ ಗಾಡಿ ನಿಲ್ಲಿಸಿ ಸ್ಪೀಕರಿನ ಗುಂಡಿ ಒತ್ತಿದರೆ, ಗುಂಯ್ ಎಂಬ ಸದ್ದು ಬಿಟ್ಟರೆ ಏನಿಲ್ಲ. ಅಳಿಸಿಹೋದದ್ದು ಗಾಡಿ ಕೊಂಡ ಹೊಸದರಲ್ಲಿ ನೀಲವ್ವ ಹೇಳಿ ರೆಕಾರ್ಡ್ ಮಾಡಿದ ಕೂಗು: "ಬರ್ರಿ ಅಕ್ಕಾರ, ಬರ್ರಿ ತಂಗೆವ್ವಾರ, ಹಳೇ ತಾಮ್ರ ತರ್ರಿ, ಹೊಸಾ ಸ್ಟೀಲ್ ಒಯ್ರಿ." ಹೇಳುವಾಗ ನಾನು ಎದುರು ನಿಂತು ಮಂಗನಂತೆ ಮುಖ ಮಾಡಿದ್ದೆ, ಕೊನೆಗೆ ಅವಳು ಕಿಸಕ್ಕನೆ ನಕ್ಕದ್ದೂ ಅದರಲ್ಲಿ ಸೇರಿಬಿಟ್ಟಿತ್ತು. ವರ್ಷಗಟ್ಟಲೆ ಆ ನಗು ಕೇಳಿಯೇ ಹೆಂಗಸರು ಬಾಗಿಲು ತೆರೆಯುತ್ತಿದ್ದರು. ಅಂದು ನಾನೇ ಗಂಟಲು ಹರಿದುಕೊಂಡು ಕೂಗಿದೆ. ನಾಯಿಗಳು ಬಂದವು. ಆಮೇಲೆ ಒಬ್ಬ ಮುದುಕಿ ಬಂದು ಗಾಡಿಯೊಳಗೆ ಇಣುಕಿ, "ಆ ನಗಾಕಿ ಎಲ್ಲಿ? ಅಕಿ ಇಲ್ದ ನಿನಗ್ಯಾರು ತಾಮ್ರ ಕೊಡ್ತಾರೋ ತಮ್ಮಾ" ಎಂದು ತಿರುಗಿ ಹೋದಳು. ತುಂಬಿದ ಗಾಡಿ ತುಂಬಿಯೇ ಮನೆಗೆ ಬಂತು.

ರೋಜಿಬಾಯಿ ಹುಡುಕಿ ನೋಡಿದಳು. ಹೊಸದನ್ನು ಅದರ ಮೇಲೆಯೇ ಬರೆದದ್ದರಿಂದ ಏನೂ ಸಿಗಲಿಲ್ಲ. ಉಳಿದ ದಾರಿ ಒಂದೇ, ನೀಲವ್ವ ಮತ್ತೆ ಕೂಗಬೇಕು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು:

"ಅವ್ವನ ಹಂಡೆ ಅವ್ವನ ಬಚ್ಚಲಕ್ಕ ಹೋಗ್ಲಿ, ಆಮ್ಯಾಲೆ ಕೂಗ್ತೇನಿ."

ದೊಡ್ಡ ಸ್ಟೀಲ್ ಹಂಡೆ ಕೊಡೋಣ, ತಾಮ್ರವನ್ನು ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕಬೇಕಾಗುತ್ತದೆ, ವಯಸ್ಸಾದ ಜೀವ ಎಂದು ನಾನು ಶುರುಮಾಡಿದೆ.

"ಇದು ಕೊನೇ ರೇಟ್ ರೀ."

ಹಂಡೆ ಚಿಗಳ್ಳಿಗೆ ಹೋಯಿತು. ನೀಲವ್ವ ಮಾತಿಗೆ ತಪ್ಪದೆ ಕೂಗಿದಳು, ಆದರೆ ಬಸ್ ಬರುವ ಸುದ್ದಿ ಸಾರಿದ ಹಾಗೆ. ನಗು ಇಲ್ಲ. ನಾನು ಮಂಗನ ಮುಖ ಮಾಡಿದೆ. ಈಗ ಅದನ್ನು ದಿನಾ ನೋಡುತ್ತೇನಲ್ಲ, ಹೊಸದೇನಿದೆ ಎಂದಳು. ಮತ್ತೊಮ್ಮೆ ಕೂಗಿ, ಆ ಕಂಪ್ಯೂಟರು ಎಲ್ಲ ಅಳಿಸುತ್ತೇನೆಂದು ಮೊದಲೇ ಹೇಳಲಿಲ್ಲವೇ ಎಂದು ಕೇಳಿದಳು. ಸೋತವನಿಗೆ ಸುಳ್ಳು ಹೊಳೆಯುವುದಿಲ್ಲ.

"ಹೇಳಿತ್ತು. ನಾ ಅದನ್ನ ಮೊದಲ ಹೇಳೂ ರೇಟ್ ಅಂತ ತಿಳದೆ."

ಅವಳು ಗೋಡೆ ಹಿಡಿದುಕೊಂಡು ನಕ್ಕಳು. ಫೋನಿನ ರೆಕಾರ್ಡಿಂಗನ್ನು ನಾನು ನಿಲ್ಲಿಸಿರಲಿಲ್ಲ. ನನ್ನ ಮಾತನ್ನು ಮಾತ್ರ ರೋಜಿಬಾಯಿಯ ಕೈಯಿಂದ ಕತ್ತರಿಸಿ ತೆಗೆಸಿ, ನಗುವನ್ನು ಪೂರ್ತಿ ಉಳಿಸಿಕೊಂಡೆ. ಕುಂಬಾರವಾಡದ ಮುದುಕಿ ಈ ಸಲದ ನಗು ಮೊದಲಿನದಕ್ಕಿಂತ ಛಲೋ ಐತಿ ಎಂದು ಒಂದು ಹಿತ್ತಾಳೆ ಚರಿಗೆ ಹಾಕಿದಳು.

ಆದ್ದರಿಂದ ನೀವು ಈ ಕೆಲಸಕ್ಕೆ ಕೈಹಾಕುವುದಾದರೆ ಬೇರೆ ಪೆನ್‌ಡ್ರೈವನ್ನೇ ಕೊಳ್ಳಿ, ಮನೆಯದು ಬೇಡ. ಅದರಲ್ಲೇನಿದೆ ಎಂದು ಹೆಂಡತಿಯನ್ನು ಕೇಳದೆ ಯಾವುದನ್ನೂ ಸಿಕ್ಕಿಸಬೇಡಿ. ಎಲ್ಲ ಅಳಿಸಿಹೋಗುತ್ತದೆ ಎಂದು ಕಂಪ್ಯೂಟರು ಹೇಳಿದರೆ ಎಲ್ಲ ಎಂದೇ ಅರ್ಥ. ಅದಕ್ಕೆ ವ್ಯಾಪಾರ ಗೊತ್ತಿಲ್ಲ. ಎಲ್ಲಕ್ಕಿಂತ ಒಳ್ಳೆಯದೆಂದರೆ ರೋಜಿಬಾಯಿಗೆ ಮುನ್ನೂರು ಕೊಟ್ಟುಬಿಡುವುದು. ಆದರೂ ಇನ್ನೂರೈವತ್ತಕ್ಕೆ ಒಮ್ಮೆ ಕೇಳಿ ನೋಡಿ. ಒಪ್ಪಿದಳೆಂದರೆ ನನಗೂ ತಿಳಿಸಿ.