ಪೆಟಿ ಬೊನೆಯ ವಿಸ್ತೀರ್ಣ

ಪೆಟಿ ಬೊನೆ ಎಂಬ ನಡುಗಡ್ಡೆಯ ವಿಸ್ತೀರ್ಣ ಒಂಬತ್ತು ಎಕರೆಯೋ ಹನ್ನೊಂದೋ ಎಂಬುದು ಮನುಕುಲದ ಭವಿಷ್ಯವನ್ನೇ ನಿರ್ಧರಿಸುವ ಪ್ರಶ್ನೆ. ಕೊನೇಪಕ್ಷ ಕ್ಯಾರಿಯಾಕು ದ್ವೀಪದ ಆಂಬ್ರೋಸ್ ಕ್ವಾಶಿ ಮೇಷ್ಟ್ರ ಭವಿಷ್ಯವನ್ನಂತೂ ಹೌದು. ಶಾಲೆಯ ಹೆಡ್ ಮೇಷ್ಟ್ರ ಕುರ್ಚಿ ಖಾಲಿಯಿತ್ತು. ಅಂದು ಮಧ್ಯಾಹ್ನ ಮೂರಕ್ಕೆ ಶಿಕ್ಷಣಾಧಿಕಾರಿ ಪಿಯರ್ ಸಾಹೇಬರು ಬಂದು ಅದಕ್ಕೆ ಆಸೆಪಟ್ಟಿದ್ದ ಇಬ್ಬರ ಪಾಠ ಕೇಳುವವರಿದ್ದರು. ಮಿಸ್ ವರ್ನಾಳದು ಭಿನ್ನರಾಶಿ. ಕ್ವಾಶಿಯವರದು ಪೆಟಿ ಬೊನೆಯ ಭೂಗೋಳ ಮತ್ತು ಇತಿಹಾಸ.

ಇಪ್ಪತ್ತೆರಡು ವರ್ಷ ಅದನ್ನೇ ಪಾಠ ಮಾಡಿದ್ದರೂ ಅವರು ಅಲ್ಲಿ ಕಾಲಿಟ್ಟಿರಲಿಲ್ಲ. ದೋಣಿ ಕಟ್ಟುವವರ ಊರಲ್ಲಿ ಹುಟ್ಟಿ, ದೋಣಿ ಕಂಡರೇ ಹೊಟ್ಟೆ ತೊಳಸುವ ಮನುಷ್ಯ ಅವರೊಬ್ಬರೇ. ಕುರ್ಚಿ ಬೇಕಿದ್ದದ್ದೂ ಅದಕ್ಕೇ. ಉಳಿದ ಮೇಷ್ಟ್ರುಗಳು ಮಕ್ಕಳ ಜೊತೆ ದೋಣಿ ಹತ್ತಬೇಕು. ಹೆಡ್ ಮೇಷ್ಟ್ರು ದಡದಲ್ಲಿ ನಿಂತು ಕೈಬೀಸಿದರೆ ಸಾಕು.

ಬೆಳಿಗ್ಗೆ ಬೇಲಿಯಾಚೆಯಿಂದ, ಊರಿಗೆಲ್ಲ ಚಿಕ್ಕಮ್ಮನಾದ ತಾಂತಿ ಯೂಲಾ ಕೂಗಿದಳು: "ಅಲ್ಲಾ ಮೇಷ್ಟ್ರೇ, ಸಾಹೇಬ್ರು 'ಹೋಗಿ ನೋಡಿದೀರಾ' ಅಂತ ಕೇಳಿದ್ರೆ ಏನಂತೀರಿ?"

"ಪುಸ್ತಕದಲ್ಲಿದೆಯಲ್ಲ ತಾಂತಿ, ನಿರ್ಜನ ದ್ವೀಪ ಅಂತ."

"ನಿರ್ಜನ? ನಮ್ಮ ತಾತ ಅಲ್ಲೇ ಮಲಗಿದಾನೆ. ಅವನೇನು ಜನ ಅಲ್ವಾ? ಸುಮ್ನೆ ಬೆಥೆಲ್‌ನ ದೋಣೀಲಿ ಹೋಗ್ಬನ್ನಿ. ಹೆಂಗೂ ಹೋಗ್ತೀರಲ್ಲ, ನನ್ನ ಎರಡು ಆಡೂ ಕರ್ಕೊಂಡ್ಹೋಗಿ."

ಬಿತ್ತನೆ ಶುರುವಾಯಿತೆಂದರೆ ಊರಲ್ಲಿ ಆಡು ಕಟ್ಟಿಹಾಕಲೇಬೇಕು; ಬಿಟ್ಟು ಮೇಯಿಸಲು ಇರುವುದು ಪೆಟಿ ಬೊನೆಯೊಂದೇ. ಅಲ್ಲಿಗೆ ಹೊರಟ ದೋಣಿ ಊರಿನ ಆಡುಗಳಿಗೆಲ್ಲ ಸೇರಿದ್ದೆಂಬುದು ಹಳೆಯ ಕಟ್ಟಳೆ. ಕುರ್ಚಿಯ ಆಸೆಗೆ ಧೈರ್ಯ ಮಾಡಿ ಮೇಷ್ಟ್ರು ದಡ ಮುಟ್ಟುವಷ್ಟರಲ್ಲಿ ದೋಣಿಯಲ್ಲಿ ಹದಿಮೂರು ಆಡು, ಒಂದು ಹೋತ. ದಿಬ್ಬಣದ ಗಾಡಿಯಲ್ಲಿ ಬಡ ನೆಂಟ ಕೂತಂತೆ ಮೇಷ್ಟ್ರು ಮೂಲೆಯಲ್ಲಿ ಮುದುಡಿದರು.

"ವಾಂತಿ ಬಂದ್ರೆ ದೂರದಲ್ಲಿ ಆಕಾಶದಂಚು ನೋಡಿ," ಎಂದ ದೋಣಿ ನಡೆಸುತ್ತಿದ್ದ ಬೆಥೆಲ್.

"ಹೋತ ಅಡ್ಡ ಇದೆಯಲ್ಲಪ್ಪಾ!"

"ಹಂಗಾದ್ರೆ ಹೋತಾನೇ ನೋಡಿ."

ನೋಡಿದರು. ಅದು ಅವರ ಟೈ ಜಗಿಯುತ್ತಿತ್ತು.

ಇಳಿದೊಡನೆ ಬೆಥೆಲ್ ಮರಳಿನ ಮೇಲೆ ರಮ್ ಸುರಿದ. "ಅಜ್ಜಂದಿರಾ, ಮೇಷ್ಟ್ರು ಬಂದಿದಾರೆ. ಪಾಪದೋರು, ಏನೂ ಮಾಡ್ಬೇಡಿ."

"ಪೂರ್ತಿ ಸುರಿದೆಯಾ? ನನಗೂ ಒಂದು ಗುಟುಕು ಬೇಕಿತ್ತು."

"ಅದು ಸತ್ತೋರಿಗೆ ಮೇಷ್ಟ್ರೇ. ನೀವಿನ್ನೂ ಬದುಕಿದೀರಿ."

"ಖಾತ್ರಿಯಿಲ್ಲ ಕಣೋ," ಎಂದರು ಮೇಷ್ಟ್ರು.

ಹಗ್ಗ ಹಿಡಿದು ಅಳತೆಗೆ ತೊಡಗಿದರು. ಹಿಂದಿನ ತುದಿಯನ್ನು ಹೋತ ತಿನ್ನುತ್ತ ಬಂದದ್ದರಿಂದ ಹಗ್ಗ ಗಿಡ್ಡವಾಗುತ್ತ, ದ್ವೀಪ ದೊಡ್ಡದಾಗುತ್ತ ಹೋಯಿತು. ಹದಿನೇಳು ಎಕರೆ ದಾಟಿದಾಗ ಅನುಮಾನ ಬಂದು ತಿರುಗಿ ನೋಡಿದರು. ಹೋತಕ್ಕೆ ಆ ನೋಟ ಹಿಡಿಸಲಿಲ್ಲ. ಅದು ಅಟ್ಟಿಸಿಕೊಂಡು ಬಂದ ರಭಸಕ್ಕೆ ಮೇಷ್ಟ್ರು ಗುಡ್ಡದ ತುದಿಯಲ್ಲಿ ಹಿಂದೆ ಸುಣ್ಣ ಸುಡುತ್ತಿದ್ದ ಹಳೆಯ ಗೂಡನ್ನೇ ಹತ್ತಿಬಿಟ್ಟರು. ಇತಿಹಾಸವನ್ನು ಅಷ್ಟು ಹತ್ತಿರದಿಂದ ಅಪ್ಪಿಕೊಂಡವರು ಇನ್ನೊಬ್ಬರಿಲ್ಲ. ಎರಡು ಗಂಟೆ ಅಲ್ಲೇ ಕೂತು ಇಡೀ ದ್ವೀಪವನ್ನು ಕಣ್ತುಂಬ ನೋಡಿದರು. ಕೊನೆಗೆ ಬೆಥೆಲ್ ಬಂದು ಹೋತದ ಕೊಂಬು ಹಿಡಿದುಕೊಂಡ. ಮೇಷ್ಟ್ರು ಇಳಿದು ಹೆಜ್ಜೆಯಲ್ಲೇ ಅಳೆದರು. ಒಂಬತ್ತು ಎಕರೆ.

ಮೂರೂವರೆಗೆ ಸರಿಯಾಗಿ ಅವರು ತರಗತಿ ಹೊಕ್ಕರು. ಪ್ಯಾಂಟು ಒದ್ದೆ, ಟೈ ಅರ್ಧ, ಮೈಯೆಲ್ಲ ಹೋತದ ವಾಸನೆ. ಮಿಸ್ ವರ್ನಾಳ ಭಿನ್ನರಾಶಿಗೆ ತೂಕಡಿಸಿದ್ದ ಸಾಹೇಬರು ಆ ವಾಸನೆಗೇ ಎಚ್ಚೆತ್ತರು.

"ಫ್ರೆಂಚರು ಅದನ್ನ ನಕ್ಷೇಲಿ ಬರೆದ್ರು, ಇಂಗ್ಲಿಷರು ನಕ್ಷೇಲೇ ಗೆದ್ರು," ಎಂದು ಮೇಷ್ಟ್ರು ಗುಡುಗಿದರು. "ಇಬ್ರೂ ಇಳಿದು ನೋಡ್ಲಿಲ್ಲ! ಇಳಿದೋರು ಸುಣ್ಣ ಸುಡ್ತಿದ್ದ ನಮ್ಮಜ್ಜಂದಿರು. ಮತ್ತೆ, ಮಕ್ಕಳೇ, ನಾನು!"

ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಕ್ವಾಶಿಯವರೇ, ಇಂಥ ಪಾಠ ನಾನು ಜನ್ಮದಲ್ಲಿ ಕೇಳಿರ್ಲಿಲ್ಲ. ನಿಮ್ಮಂಥವರನ್ನ ಕುರ್ಚಿಗೆ ಕಟ್ಟಿಹಾಕೋದು ಮಹಾಪಾಪ. ಅದು ಮಿಸ್ ವರ್ನಾಗೇ ಇರ್ಲಿ. ನೀವು ಪ್ರತಿ ಮಂಗಳವಾರ ಮಕ್ಕಳನ್ನ ಅಲ್ಲಿಗೇ ಕರ್ಕೊಂಡ್ಹೋಗಿ ಪಾಠ ಮಾಡಿ."

"ಪ್ರತಿ ಮಂಗಳವಾರಾನಾ?" ಕಿಟಕಿಯಲ್ಲಿ ತಾಂತಿ ಯೂಲಾಳ ಮುಖ ಅರಳಿತು. "ಇನ್ನೂ ಮೂರು ಆಡು ಉಳಿದಿದ್ವು, ಮೇಷ್ಟ್ರೇ!"

ಶಾಲೆಯ ಗೋಡೆಯ ಮೇಲೆ ಈಗ ಹೀಗೆ ಬರೆದಿದೆ: ಪೆಟಿ ಬೊನೆ. ವಿಸ್ತೀರ್ಣ ಒಂಬತ್ತು ಎಕರೆ. ಜನವಸತಿ ಮಂಗಳವಾರ ಮಾತ್ರ.