ಬಾಯಿ ಮೂಸಿ ಕೊಟ್ಟ ಉಸಿರು

ಸರ್ಕಾರಿ ಆಸ್ಪತ್ರೆಯ ನರ್ಸಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ನಗುವಾಗ ಪಕ್ಕದಲ್ಲೇ ಯಾರೋ ನರಳುತ್ತಿರುತ್ತಾರೆ, ಅಷ್ಟೆ. ಹುಣಸೂರು ಕಡೆಯ ಹಳ್ಳಿಯ ಆಸ್ಪತ್ರೆಯಲ್ಲಿ ನಾನು ಕಂಡ ಇವೂ ಅಂಥವೇ.

೧. ಹೊಗೆ ಮಿಷಿನ್ನು

ಉಬ್ಬಸದವರಿಗೆ ಔಷಧಿಯನ್ನು ಆವಿ ಮಾಡಿ ಕೊಡುವ ಯಂತ್ರವೊಂದು ಬಂತು. ಜನ ಅದನ್ನು ಹೊಗೆ ಮಿಷಿನ್ನು ಅಂದರು. ಇದ್ದದ್ದು ಒಂದೇ. ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸಿ ಒಣಗಿಸುವ ಕಾಲದಲ್ಲಿ ಕೆಮ್ಮುವವರ ಸಾಲು ಗೇಟು ದಾಟುತ್ತಿತ್ತು. ಡಾಕ್ಟರು ಕಾನೂನು ಮಾಡಿದರು: "ಬೀಡಿ ಸೇದಿ ಎದೆ ಕೆಡಿಸಿಕೊಂಡವರು ಹಿಂದೆ, ಸೇದದವರು ಮುಂದೆ. ಸಿಸ್ಟರ್, ಬಾಯಿ ಮೂಸಿ ಕಳಿಸಿ."

ಹಾಗಂದು ಸಿಗರೇಟು ಸೇದಲು ನೀರಿನ ಟ್ಯಾಂಕಿನ ಹಿಂದಕ್ಕೆ ಹೋದರು. ಕಡ್ಡಿಪೆಟ್ಟಿಗೆ ಕೊಟ್ಟವನು ಸಾಲಿನಲ್ಲಿದ್ದ ರೈತನೊಬ್ಬ.

೨. ಸೀಬೆ ಎಲೆ

ಮಾರನೆಯ ದಿನದಿಂದ ಆಸ್ಪತ್ರೆಯ ಮುಂದಿನ ಸೀಬೆ ಮರ ಬೋಳಾಗತೊಡಗಿತು. ಎಲ್ಲರೂ ಎಲೆ ಜಗಿದೇ ಬಾಯಿ ತೆರೆಯುತ್ತಿದ್ದರು. ಕಿವಿಯ ಸಂದಿಯಲ್ಲಿ ಬೀಡಿ ಸಿಕ್ಕಿಸಿಕೊಂಡಿದ್ದವನೊಬ್ಬ, "ಇದು ನಂದಲ್ಲ ಕಣಕ್ಕ, ನಮ್ ಭಾವಂದು" ಎಂದ. ಸುಳ್ಳು ಹೇಳಿದವರೆಲ್ಲ ಮುಂದೆ ಹೋದರು. ಕಡ್ಡಿಪೆಟ್ಟಿಗೆಯ ರೈತ ಮಾತ್ರ, "ಮೂಸೋದ್ಯಾಕವ್ವ, ಸೇದ್ತೀನಿ" ಎಂದು ತಾನಾಗಿಯೇ ಹಿಂದೆ ನಿಂತ. ನಿಜ ಹೇಳಿದವನಿಗೆ ಇದೇನಾ ಬಹುಮಾನ ಎಂದು ನನಗೆ ಸಿಟ್ಟು ಬಂತು. ಡಾಕ್ಟರಿಗೆ ಎಲೆ ಜಗಿಯುವ ಕಥೆ ಹೇಳಿದೆ.

"ಹಾಗಾದರೆ ಆ ಮರ ಕಡಿಸಿ" ಅಂದರು.

೩. ಸೀರೆಯ ವಾಸನೆ

ಒಂದು ಬೆಳಿಗ್ಗೆ ಆ ರೈತ ಹೆಂಡತಿಯ ತೋಳು ಹಿಡಿದು ನಡೆಸಿಕೊಂಡು ಬಂದ. ಸೊಪ್ಪು ಬೇಯಿಸುವ ಮನೆಯ, ಅಂದರೆ ಬ್ಯಾರನ್ನಿನ, ಒಲೆಗೆ ಸೌದೆ ಹಾಕಿ ಹಾಕಿ ಬಂದವಳು, ಉಸಿರು ಸಿಕ್ಕದೆ ಬಾಯಿ ಬಾಯಿ ಬಿಡುತ್ತಿದ್ದಳು. ನಾನು ಒಳಗೆ ಕರೆದೊಯ್ಯುವಷ್ಟರಲ್ಲಿ ಡಾಕ್ಟರು ಮೂಗು ಅರಳಿಸಿ, "ಇವಳೂ ಸೇದ್ತಾಳೆ. ಹಿಂದೆ ನಿಲ್ಲಿಸಿ" ಅಂದರು. ಅದು ಅವಳ ಸೀರೆಗೆ ಹತ್ತಿದ್ದ ಹೊಗೆಸೊಪ್ಪಿನ ವಾಸನೆ.

ರೈತ ಅಡ್ಡ ನಿಂತ. "ಒಂದಿನ ಬೀಡಿ ಮುಟ್ಟಿಲ್ಲ ಸ್ವಾಮಿ ಅವ್ಳು. ಸೇದಿದ್ದು ನಾನು, ಕೆಮ್ಮಿದ್ದು ಅವ್ಳು. ತಪ್ ಮಾಡ್ದೋರು ಹಿಂದೆ ಅಂತ ನೀವೇ ಅಂದ್ರಿ. ಅವ್ಳು ಒಳಿಕ್ಕೋಗ್ಲಿ. ಬನ್ನಿ, ನಾವಿಬ್ರೂ ಹಿಂದೆ ನಿಂತ್ಕಳಾನ."

ಸಾಲಿಗೆ ಸಾಲೇ ನಕ್ಕಿತು. ಅವಳಿಗೆ ನಗಲು ಉಸಿರಿರಲಿಲ್ಲ. ಡಾಕ್ಟರ ಮುಖ ಕೆಂಪಾಯಿತು. ತಾವೇ ಅವಳಿಗೆ ಮಾಸ್ಕು ಕಟ್ಟಿದರು. ಆಮೇಲೆ ಹೊರಗೆ ಹೋಗಿ ನಿಜವಾಗಿಯೂ ಸಾಲಿನ ಕೊನೆಯಲ್ಲಿ, ಅವನ ಪಕ್ಕ ನಿಂತರು. ಬಾಯಿ ಮೂಸುವ ಕಾನೂನು ಅಲ್ಲಿಗೆ ಮುಗಿಯಿತು.

ಎಷ್ಟೋ ಹೊತ್ತಿನ ಮೇಲೆ ಅವಳ ಎದೆಯ ಸಿಳ್ಳೆ ನಿಂತಿತು. ನನಗೂ ಹೋದ ಜೀವ ಬಂದಂತಾಯಿತು. ಅವಳು ಕಿಟಕಿಯಲ್ಲಿ ಅವರಿಬ್ಬರನ್ನು ಕಂಡು ಮಾಸ್ಕು ಸರಿಸಿದಳು. ಬಂದ ಉಸಿರನ್ನೆಲ್ಲ ಸೇರಿಸಿ ಗಂಡನಿಗೆ ಕೂಗಿದಳು:

"ನೋಡಯ್ಯೋ, ಡಾಕ್ಟ್ರಿಗೆ ಕಡ್ಡಿಪೆಟ್ಗೆ ಕೊಟ್ಗಿಟ್ಟೀಯ ಮತ್ತೆ!"