ಬುಸ್ಸೆನ್ನುವ ಬಾನೆಟ್ಟನ್ನು ತೆರೆಯದಿರುವ ಬಗ್ಗೆ

ವಾಹನ ಉಸಿರಾಟ ನಿಯಂತ್ರಣ ಇಲಾಖೆ
ಹುಣಸೂರು ಉಪವಲಯ (ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆಗೂ ಅನ್ವಯ)

ಸಂಖ್ಯೆ: ವಾಉನಿ/ಹುಉ/ಬುಸ್/೭/೨೦೨೪-೨೫

ವಿಷಯ: ಹಳೆಯ ಸ್ಪೋರ್ಟ್ಸ್ ಕಾರಿನ ಇಂಜಿನ್ನಿಗೆ ಟರ್ಬೊ ಜೋಡಿಸಿದ್ದರಿಂದ ಉಂಟಾದ ನಾಗಸಾನ್ನಿಧ್ಯದ ಕುರಿತು.

ಉಲ್ಲೇಖ: ನಿರೀಕ್ಷಕ ಶ್ರೀ ರುದ್ರಸ್ವಾಮಿ ಅವರು ಜೀಪಿನ ಟಾಪಿನ ಮೇಲಿನಿಂದ ಸಲ್ಲಿಸಿದ ವರದಿ.

ಕಟ್ಟೆಮಳಲವಾಡಿಯ ಕು. ಬೃಂದಾ ಎಂಬುವರು ತಮ್ಮ ತಾತನ ಕಾಲದ, ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರಿಗೆ ಗುಜರಿಯಿಂದ ತಂದ ಟರ್ಬೊ ಒಂದನ್ನು ಅನುಮತಿಯಿಲ್ಲದೆ ಜೋಡಿಸಿರುತ್ತಾರೆ. ಇಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ, ಅದೇ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಈ ಯಂತ್ರವು, ಆಕ್ಸಿಲರೇಟರಿನಿಂದ ಕಾಲು ತೆಗೆದಾಗಲೆಲ್ಲ ಮಿಕ್ಕ ಗಾಳಿಯನ್ನು ವಾಲ್ವಿನ ಮೂಲಕ ಬುಸ್ಸೆಂದು ಹೊರಬಿಡುತ್ತದೆ.

ಷಷ್ಠಿಯ ದಿನ ಊರ ಹುತ್ತಕ್ಕೆ ಹೆಂಗಸರು ತನಿ ಎರೆಯುತ್ತಿದ್ದಾಗ, ಪಕ್ಕದ ರಸ್ತೆಯಲ್ಲಿ ರುದ್ರಸ್ವಾಮಿಯವರು ಸದರಿ ಕಾರಿಗೆ ಕೈ ಅಡ್ಡ ಹಿಡಿದಿದ್ದಾರೆ. ಬೃಂದಾ ಕಾಲು ತೆಗೆದಿದ್ದಾರೆ. ಕಾರು ಬುಸ್ಸೆಂದಿದೆ. ಕೂಡಲೇ ಆಕೆಯ ಅಜ್ಜಿ ಶ್ರೀಮತಿ ಚಿಕ್ಕಬೀರಮ್ಮನವರು, "ಒಳಗವ್ನೆ ಕಣ್ರವ್ವ ನಾಗಪ್ಪ! ಎಲ್ಲಾರೂ ಇತ್ತಗ್ ಬನ್ನಿ!" ಎಂದು ಕೂಗಿ, ಚೊಂಬಿನ ಹಾಲನ್ನು ಬಾನೆಟ್ಟಿನ ಮೇಲೆ ಸುರಿದಿರುತ್ತಾರೆ. ಉಳಿದವರೂ ಸುರಿದಿರುತ್ತಾರೆ. ಹುತ್ತಕ್ಕೆ ಅಂದು ಹಾಲು ಸಾಲದೆ ಹೋಗಿರುತ್ತದೆ.

ಅರಿಶಿನ ಕುಂಕುಮ ಸಮೇತ ಕಾರನ್ನು ಜಪ್ತಿ ಮಾಡಿ, ಬೃಂದಾ ಅವರಿಂದಲೇ ಓಡಿಸಿ ಕಚೇರಿಯ ಆವರಣಕ್ಕೆ ತರಿಸಲಾಗಿದೆ. ಬರುವ ಭಾನುವಾರ ಹನಗೋಡಿನ ಬೀಳು ಹೊಲದಲ್ಲಿ ಕಾರುಗಳ ಓಟವಿದ್ದು, ಟರ್ಬೊ ಬಿಚ್ಚಿದರೆ ಈ ಮುದಿ ಇಂಜಿನ್ನು ಒಂದು ಸುತ್ತಿಗೇ ಏದುಸಿರು ಬಿಡುವುದೆಂಬುದು ಇಲಾಖೆಗೆ ತಿಳಿದಿದೆ. ಬೃಂದಾ ಅವರು ಸ್ಪ್ಯಾನರ್ ಹಿಡಿದು ಗೇಟಿನಾಚೆ ಕುಳಿತು, ಊಟ ಬಿಟ್ಟು ಕಾರನ್ನೇ ನೋಡುತ್ತಿರುವುದನ್ನೂ ಇಲಾಖೆ ಗಮನಿಸಿದೆ. ಆದರೆ ಮರುಕ ಪಡಲು ಪ್ರತ್ಯೇಕ ಆದೇಶ ಇರುವುದಿಲ್ಲ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

೧. ಟರ್ಬೊವನ್ನು ಭಾನುವಾರದೊಳಗೆ ಬಿಚ್ಚತಕ್ಕದ್ದು. ಬಿಚ್ಚುವವರು ಬಾನೆಟ್ಟನ್ನು ತೆರೆಯತಕ್ಕದ್ದಲ್ಲ.

೨. "ಹಾವೂ ಇಲ್ಲ ಏನೂ ಇಲ್ಲ ಸಾರ್, ಅದು ವಾಲ್ವು. ಕೂರ್ಸಿದ್ದು ನಾನೇ. ಟರ್ಬೊ ಹೋದ್ರೆ ಹೋಗ್ಲಿ, ಬಾನೆಟ್ ಎತ್ತಿ ತೋರುಸ್ತೀನಿ ಬನ್ನಿ" ಎಂಬ ಬೃಂದಾ ಅವರ ಹೇಳಿಕೆಯನ್ನು ತಿರಸ್ಕರಿಸಲಾಗಿದೆ. ಹಾವಿಲ್ಲವೆಂದು ದೃಢೀಕರಿಸುವ ಅಧಿಕಾರವು ಹಾವಾಡಿಗ ದರ್ಜೆಗಿಂತ ಕೆಳಗಿನವರಿಗೆ ಇರುವುದಿಲ್ಲ.

೩. ಇದನ್ನು ಕೇಳಿ ರುದ್ರಸ್ವಾಮಿಯವರು ಹೆದರಿ ಜೀಪಿನ ಮೇಲೆ ಹತ್ತಿದರೆಂಬುದು ಸುಳ್ಳು. ಅವರು ಎತ್ತರದಿಂದ ತಪಾಸಣೆ ನಡೆಸಿರುತ್ತಾರೆ. "ಎತ್ತಬ್ಯಾಡ ಕಣವ್ವ, ಹೆಂಡ್ರು ಮಕ್ಕಳಿರೋನು ನಾನು!" ಎಂಬ ಅವರ ಮಾತನ್ನು ತಾಂತ್ರಿಕ ಅಭಿಪ್ರಾಯವೆಂದು ಅಂಗೀಕರಿಸಲಾಗಿದೆ.

೪. ಹುತ್ತದ ಮಣ್ಣೆಂದು ಭಾವಿಸಿ, ಕಾರಿನ ಮಡ್‌ಗಾರ್ಡಿನ ಮಣ್ಣನ್ನು ಸಾರ್ವಜನಿಕರು ಕಿವಿಗೆ ಹಚ್ಚಿಕೊಳ್ಳುತ್ತಿರುವುದು ಕಂಡುಬಂದಿದೆ. ಸದರಿ ಮಣ್ಣು ಜಪ್ತಿಯಾದ ಸ್ವತ್ತು. ಈಗಾಗಲೇ ಹಚ್ಚಿಕೊಂಡವರು ತಮ್ಮ ಕಿವಿಗಳನ್ನು ಕಚೇರಿ ವೇಳೆಯಲ್ಲಿ ಹಾಜರುಪಡಿಸತಕ್ಕದ್ದು.

೫. ಕೆ.ಆರ್. ನಗರದ ಭಕ್ತಾದಿಗಳು ಸೈಲೆನ್ಸರಿನೊಳಗೆ ಇಡುತ್ತಿರುವ ಮೊಟ್ಟೆಗಳು ಬೆಂದಲ್ಲಿ, ಅವು ಸರ್ಕಾರಕ್ಕೆ ಸೇರತಕ್ಕವು. ಉಪ್ಪು, ಮೆಣಸಿನಪುಡಿಯನ್ನು ಕಚೇರಿಯೇ ಭರಿಸುವುದು.

೬. ಎಚ್.ಡಿ. ಕೋಟೆಯ ಪಂಕ್ಚರ್ ಅಂಗಡಿಗಳು ಹಾಗೂ ಪಿರಿಯಾಪಟ್ಟಣದ ಅಡುಗೆಮನೆಗಳ ಕುಕ್ಕರುಗಳು ಬುಸ್ಸೆನ್ನುವ ಮುನ್ನ ನಿರಾಕ್ಷೇಪಣಾ ಪತ್ರ ಪಡೆಯತಕ್ಕದ್ದು. ಪತ್ರ ಕೈಸೇರುವವರೆಗೆ ಅನ್ನವು ಬೇಯುವಂತಿಲ್ಲ.

೭. ತನಿ ಎರೆದ ಮೇಲೆ ಸದರಿ ಕಾರು ಹುತ್ತವೆಂದೇ ಪರಿಗಣಿತವಾಗುತ್ತದೆ. ಹುತ್ತವನ್ನು ಕೆಡವುವಂತಿಲ್ಲ. ಸರ್ಕಾರಿ ಆವರಣದಲ್ಲಿ ಅನಧಿಕೃತ ಹುತ್ತ ಇರುವಂತೆಯೂ ಇಲ್ಲ. ಆದ್ದರಿಂದ ಹುತ್ತವು ತಾನಾಗಿ ಹೊರಡತಕ್ಕದ್ದು. ಅದನ್ನು ಮುಟ್ಟಲು ಬೇರೆ ಯಾರೂ ಮುಂದೆ ಬಾರದ ಕಾರಣ, ಬೃಂದಾ ಅವರೇ ಭಾನುವಾರ ಬೆಳಗ್ಗೆ ಓಟಕ್ಕೆ ಮುನ್ನ ಹನಗೋಡಿನ ಹೊಲಕ್ಕೆ ತಲುಪಿಸುವುದು. ಟರ್ಬೊವನ್ನು ಬಿಚ್ಚಲಾಗಿದೆ ಎಂದು ಕಡತದಲ್ಲಿ ಭಾವಿಸಲಾಗುವುದು.

೮. ರುದ್ರಸ್ವಾಮಿಯವರು ಬುಸ್ ಕೇಳಿಸದಷ್ಟು ದೂರದಲ್ಲಿ ಜೀಪಿನಲ್ಲಿ ಹಿಂಬಾಲಿಸುವುದು. ಕಾರಿನ ವೇಗದ ದೆಸೆಯಿಂದ ಈ ದೂರವು ತಾನಾಗಿಯೇ ಪಾಲನೆಯಾಗುವುದು.

ಸಹಿ/-
ಸಹಾಯಕ ನಿರ್ದೇಶಕರು (ಬುಸ್ ವಿಭಾಗ)
(ಕಿಟಕಿ ಮುಚ್ಚಿಕೊಂಡು ಸಹಿ ಮಾಡಲಾಗಿದೆ)

ಪ್ರತಿ:
೧. ಕು. ಬೃಂದಾ ಅವರಿಗೆ, ಕಾರಿನ ಕೀಲಿಯೊಂದಿಗೆ.
೨. ಶ್ರೀ ರುದ್ರಸ್ವಾಮಿ ಅವರಿಗೆ, ಜೀಪಿನಿಂದ ಇಳಿದ ನಂತರ.
೩. ಬಾನೆಟ್ಟಿನೊಳಗಿನ ನಿವಾಸಿಗೆ. ಸ್ವೀಕೃತಿ ಪಡೆಯಲು ಸಿಬ್ಬಂದಿ ಒಪ್ಪದ ಕಾರಣ ಗೇಟಿನಿಂದಲೇ ಗಟ್ಟಿಯಾಗಿ ಓದಲಾಗಿದೆ.
೪. ಶ್ರೀಮತಿ ಚಿಕ್ಕಬೀರಮ್ಮ ಅವರಿಗೆ. ಜವಾನ ಕರಿಯಯ್ಯ ಅವರು ಕರಡನ್ನು ಓದಿ ಹೇಳಿದಾಗ, ಸದರಿಯವರು ನಕ್ಕು, "ಆ ವಾಲ್ವು ಕೂರ್ಸುವಾಗ ಬ್ಯಾಟ್ರಿ ಬುಟ್ಕಂಡು ಬೆಳಕು ತೋರ್ಸ್ದೋಳೇ ನಾನು ಕಣ್ಲಾ ಕರಿಯ" ಎಂದಿರುತ್ತಾರೆ. ಈ ಮಾತು ವಿಷಯಕ್ಕೆ ಸಂಬಂಧಪಡದ ಕಾರಣ ಕಡತಕ್ಕೆ ಸೇರಿಸಿರುವುದಿಲ್ಲ.